ತೀರ್ಥನ್ ಕಣಿವೆಯಲ್ಲಿ ನಾಲ್ಕೈದು ದಿನದ ಟ್ರೆಕ್ಕು, ಪ್ಲಾನ್ ಮಾಡೋದು ಹೇಗೆ

ಹಿಮಾಚಲದ ಕುಲ್ಲು ಜಿಲ್ಲೆಯ ತೀರ್ಥನ್ ಕಣಿವೆಗೆ ಹೋಗ್ಬೇಕು ಅಂತ ಕೇಳೋರು ಈಗೀಗ ಜಾಸ್ತಿ ಆಗಿದಾರೆ, ಅವರು ಕೇಳೋ ಮೊದಲ ಪ್ರಶ್ನೆ ಯಾವಾಗ್ಲೂ ಎಷ್ಟು ದಿನ ಬೇಕು ಅಂತ. ನನ್ನ ಪ್ರಕಾರ ಅದು ಕೊನೇಲಿ ಕೇಳ್ಬೇಕಾದ ಪ್ರಶ್ನೆ. ಮೊದಲು ಪರ್ಮಿಟ್ಟು, ಆಮೇಲೆ ಜೊತೆಗೆ ಬರೋ ಊರಿನ ಜನ, ಆಮೇಲೆ ಆ ತಿಂಗಳಲ್ಲಿ ಹೊಳೆ ಹೇಗಿರತ್ತೆ ಅನ್ನೋದು, ಈ ಮೂರು ಗೊತ್ತಾದ್ರೆ ದಿನದ ಲೆಕ್ಕ ತಾನಾಗೇ ಬರತ್ತೆ. ಉಲ್ಟಾ ಮಾಡಿ, ಅಂದ್ರೆ ಆಫೀಸಲ್ಲಿ ಐದು ದಿನ ರಜಾ ಸಿಕ್ಕಿದೆ ಅದ್ರೊಳಗೆ ಎಲ್ಲಾ ತುರುಕ್ಬೇಕು ಅಂತ ಹೊರಟ್ರೆ, ಮೇಲೆ ಹೋದ್ಮೇಲೆ ಅವಸರ ಶುರುವಾಗತ್ತೆ, ಬೆಟ್ಟದ ಹೊಳೆ ಹತ್ರ ಅವಸರ ಮಾಡೋದಕ್ಕಿಂತ ಅಪಾಯ ಬೇರೆ ಇಲ್ಲ.

ಈ ಕಣಿವೆಯ ಮೇಲಿನ ಭಾಗ ಗ್ರೇಟ್ ಹಿಮಾಲಯನ್ ನ್ಯಾಷನಲ್ ಪಾರ್ಕ್ ಒಳಗೆ ಬರತ್ತೆ. 1984ರಲ್ಲಿ ಪಾರ್ಕ್ ಮಾಡ್ತೀವಿ ಅಂತ ಘೋಷಣೆ ಆಗಿ, 1999ರಲ್ಲಿ ಪೂರ್ತಿ ಜಾರಿಗೆ ಬಂತು, 2014ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರ್ತು. ಪಾರ್ಕ್ ಸುಮಾರು 754 ಚದರ ಕಿಲೋಮೀಟರ್, ಅದಕ್ಕೆ ಅಂಟಿಕೊಂಡು ತೀರ್ಥನ್ ಮತ್ತು ಸೈಂಜ್ ಅಭಯಾರಣ್ಯಗಳು, ಹೊರಗಡೆ ಹಳ್ಳಿಗಳಿರೋ ಇಕೋಝೋನ್. ಇಷ್ಟು ಇತಿಹಾಸ ಯಾಕೆ ಹೇಳ್ತಿದೀನಿ ಅಂದ್ರೆ, 1999ಕ್ಕೆ ಮುಂಚೆ ಈ ಹಳ್ಳಿಯವರು ಬೇಸಿಗೇಲಿ ಕುರಿ ಮೇಯಿಸೋಕೆ, ಗಿಡಮೂಲಿಕೆ ಕೀಳೋಕೆ, ಗುಚ್ಚಿ ಅಣಬೆ ಆರಿಸೋಕೆ ಮೇಲಿನ ಹುಲ್ಲುಗಾವಲುಗಳಿಗೆ ಹೋಗ್ತಿದ್ರು, ಪಾರ್ಕ್ ಆದ್ಮೇಲೆ ಅದೆಲ್ಲಾ ನಿಂತೋಯ್ತು. ನಾವು ಇವತ್ತು ನಡೆಯೋ ಎಷ್ಟೋ ದಾರಿ ಕುರುಬರು ತುಳಿದು ಮಾಡಿದ ದಾರಿ, ನಾವು ಟೆಂಟ್ ಹಾಕೋ ಜಾಗ ಅವರ ಹಟ್ಟಿ ಇದ್ದ ಜಾಗ. ಹಾಗಾಗಿ ಗೈಡು, ಅಡುಗೆಯವರು, ಪೋರ್ಟರು ಎಲ್ಲಾ ಆ ಕಣಿವೆಯವರೇ ಆಗಿರಲಿ ಅಂತ ನಾನು ಹಟ ಹಿಡೀತೀನಿ, ಅದನ್ನ ದಯವಿಟ್ಟು ದಾನ ಅಂದ್ಕೋಬೇಡಿ. ಅವರ ಬದುಕಿನ ಒಂದು ಭಾಗ ಬಿಟ್ಟುಕೊಟ್ಟಿದ್ರಿಂದಲೇ ಆ ಕಾಡು ಈಗ ಹೀಗಿದೆ.

ಪರ್ಮಿಟ್ ವಿಷಯ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಪ್ರಕಾರ ಪಾರ್ಕ್ ಒಳಗೆ ಕಾಲಿಡೋಕೆ ಅನುಮತಿ ಬೇಕೇ ಬೇಕು. ತೀರ್ಥನ್ ಕಡೆಗೆ ಸಾಯಿ ರೋಪಾದಲ್ಲಿ ರೇಂಜ್ ಆಫೀಸ್ ಇದೆ, ಬಂಜಾರ್ ಪೇಟೆಯಿಂದ ಗುಶೈಣಿ ಊರಿಗೆ ಹೋಗೋ ರಸ್ತೇಲೇ ಸಿಗತ್ತೆ, ಮುಖ್ಯ ಕಚೇರಿ ಕುಲ್ಲು ಹತ್ರ ಶಂಶಿಯಲ್ಲಿ. ಪ್ರತಿಯೊಬ್ಬರ ಐಡಿ ಕಾಪಿ ಎರಡೆರಡು ಇಟ್ಕೊಳ್ಳಿ, ಯಾವ ದಾರಿ, ಯಾವ ರಾತ್ರಿ ಎಲ್ಲಿ ಉಳ್ಕೋತೀವಿ, ಎಷ್ಟನೇ ತಾರೀಕು ಹೊರಗೆ ಬರ್ತೀವಿ ಅಂತ ಬರೆದು ಕೊಡ್ಬೇಕು. ಫೀಸು ತಲೆಗೆ ಇಷ್ಟು ದಿನಕ್ಕೆ ಇಷ್ಟು ಅಂತ ಇರತ್ತೆ, ಸ್ಟೂಡೆಂಟ್‌ಗಳಿಗೆ ಬೇರೆ, ವಿದೇಶೀಯರಿಗೆ ಬೇರೆ. ಇಲ್ಲೊಂದು ಮಾತು, ಪರ್ಮಿಟ್ ತಗೊಳ್ಳುವಾಗ ನಿಮ್ಮ ಪ್ಲಾನ್‌ಗಿಂತ ಒಂದು ದಿನ ಹೆಚ್ಚಿಗೆ ಬರೆಸಿ. ಮಳೆಗೆ ಸಿಕ್ಕಿ ಒಂದು ಕ್ಯಾಂಪಲ್ಲಿ ಕೂರ್ಬೇಕಾಗಿ ಬಂದ್ರೆ, ಪರ್ಮಿಟ್ ಮುಗಿಯತ್ತೆ ಅನ್ನೋ ಕಾರಣಕ್ಕೆ ಹೊಳೆ ದಾಟೋ ಪರಿಸ್ಥಿತಿ ಬರಬಾರ್ದು. ಸರ್ಕಾರಿ ರಜೆ ದಿನ, ಭಾನುವಾರ ಬೆಳಿಗ್ಗೆ ಹೋಗಿ ಆಫೀಸ್ ಬಾಗಿಲ ಮುಂದೆ ನಿಲ್ಲೋ ಹಾಗೆ ಮಾಡ್ಕೋಬೇಡಿ, ಗೈಡ್ ಮೊದಲೇ ಮಾತಾಡಿಟ್ಟಿದ್ರೆ ಸಲೀಸು. ಡ್ರೋನ್ ಮನೇಲೇ ಬಿಟ್ಟು ಬನ್ನಿ.

ಇನ್ನು ದಾರಿ. ಗುಶೈಣಿ ಅನ್ನೋದು ರಸ್ತೆ ಕಡೆಯ ದೊಡ್ಡ ಊರು, ಸುಮಾರು 1600 ಮೀಟರ್ ಎತ್ತರ, ಅಲ್ಲಿ ತೀರ್ಥನ್ ನದಿಗೆ ಫ್ಲಾಚನ್ ಅನ್ನೋ ಹೊಳೆ ಬಂದು ಸೇರತ್ತೆ. ಅಲ್ಲಿಂದ ನದಿ ಪಕ್ಕದಲ್ಲೇ ಸುಮಾರು 10 ಕಿಲೋಮೀಟರ್ ನಡೆದ್ರೆ ರೋಲಾ, 2100 ಮೀಟರ್ ಅಂದಾಜು. ಮೊದಲು ಹೊಲ, ಸೇಬಿನ ತೋಟ, ಮರ ಮತ್ತು ಕಲ್ಲು ಪದರ ಪದರವಾಗಿ ಜೋಡಿಸಿ ಕಟ್ಟಿದ ಕಾಠ್‌ಕುಣಿ ಮನೆಗಳು, ಆಮೇಲೆ ಪಾರ್ಕ್ ಗೇಟು, ಆಮೇಲೆ ಬರೀ ಕಾಡು. ಹಿಮಾಲಯದಲ್ಲಿ ಮೊದಲ ಸಲ ನಡೆಯೋರು, ಮಕ್ಕಳು ಅಥವಾ ವಯಸ್ಸಾದವರ ಜೊತೆ ಬರೋರು ರೋಲಾಗೆ ಹೋಗಿ ಎರಡು ರಾತ್ರಿ ಇದ್ದು ವಾಪಸ್ ಬಂದ್ರೂ ಸಾಕು, ಅದನ್ನ ಅರ್ಧ ಟ್ರೆಕ್ ಅಂತ ಯಾರಾದ್ರೂ ಅಂದ್ರೆ ಕಿವಿಗೆ ಹಾಕ್ಕೋಬೇಡಿ, ಆ ನದಿ ದಂಡೇಲಿ ಒಂದು ಇಡೀ ದಿನ ಸುಮ್ನೆ ಕೂತ್ರೆ ನೋಡೋಕೆ ಸಿಗೋದು ಓಡಿದೋರಿಗೆ ಸಿಗಲ್ಲ.

ರೋಲಾದಿಂದ ಮುಂದೆ ದಾರಿ ಒಡೆಯತ್ತೆ. ಒಂದು ಶಿಲ್ಟ್ ಕಡೆಗೆ, ಸುಮಾರು 3100 ಮೀಟರ್, ಅಂದ್ರೆ ಒಂದೇ ದಿನದಲ್ಲಿ ಒಂದು ಸಾವಿರ ಮೀಟರ್ ಏರು, ಉಸಿರು ಕಟ್ಟಿಸೋ ಏರು. ಅಲ್ಲಿ ಫಾರೆಸ್ಟ್‌ನವರ ಗುಡಿಸಲು ಇದೆ, ಮೇಲೆ ರಖುಂಡಿ ಟಾಪ್‌ಗೆ ಒಂದು ದಿನ ಹತ್ತಿ ಬಂದ್ರೆ ಸುತ್ತ ಹಿಮದ ಸಾಲು ಕಾಣತ್ತೆ. ಇದು ಗುಶೈಣಿಯಿಂದ ಗುಶೈಣಿಗೆ ನಾಲ್ಕೈದು ದಿನದ ಪ್ಲಾನು, ಹೆಚ್ಚಿನವರಿಗೆ ನಾನು ಹೇಳೋದು ಇದನ್ನೇ. ಎರಡನೇದು ನದಿ ಹಿಡ್ಕೊಂಡೇ ಚಲೋಚಾ, ನಾಡಾ ಮೇಲೆ ತೀರ್ಥ್ ತನಕ, ಅಂದ್ರೆ ನದಿ ಹುಟ್ಟೋ ಜಾಗ, ಊರಿನ ದೇವರುಗಳ ಯಾತ್ರೆ ಹೋಗೋ ಪವಿತ್ರ ಜಾಗ. ಈ ದಾರೀಲಿ ಮತ್ತೆ ಮತ್ತೆ ಹೊಳೆ ದಾಟ್ಬೇಕು, ಸೇತುವೆ ಅಂದ್ರೆ ಎಷ್ಟೋ ಕಡೆ ಎರಡು ಮರದ ದಿಮ್ಮಿ ಅಷ್ಟೆ, ಆ ವರ್ಷ ಯಾವುದು ಇದೆ ಯಾವುದು ಕೊಚ್ಕೊಂಡು ಹೋಗಿದೆ ಅಂತ ಊರಿನವರಿಗೇ ಗೊತ್ತಿರೋದು, ಯಾವ ಮ್ಯಾಪಲ್ಲೂ ಇರಲ್ಲ. ಮೂರನೇದು ಶಿಲ್ಟ್‌ನಿಂದ ಇನ್ನೂ ಮೇಲೆ ಹತ್ತಿ, ಗುಂಟ್ರಾವ್ ದಾಟಿ, ಸುಮಾರು 3700 ಮೀಟರ್ ಎತ್ತರದ ಧೇಲ್ ಥಾಚ್‌ಗೆ ಹೋಗಿ ಸೈಂಜ್ ಕಣಿವೆಗೆ ಇಳಿಯೋದು, ನೇವ್ಲಿ ಹತ್ರ ರಸ್ತೆ ಸಿಗತ್ತೆ. ಥಾಚ್ ಅಂದ್ರೆ ಅಲ್ಲಿನವರು ಮೇಲಿನ ಹುಲ್ಲುಗಾವಲಿಗೆ ಹೇಳೋದು. ಇದಕ್ಕೆ ಆರೇಳು ದಿನ ನಡಿಗೆ, ಮೇಲೆ ಒಂದು ದಿನ ರೆಸ್ಟು. ಮುಂಚೆ ಎತ್ತರದಲ್ಲಿ ಮಲಗಿ ಅಭ್ಯಾಸ ಇಲ್ದೋರು ಇದಕ್ಕೆ ಕೈ ಹಾಕೋದು ಬೇಡ, ಯಾಕಂದ್ರೆ ಮಧ್ಯದಲ್ಲಿ ಯಾರಿಗಾದ್ರೂ ಹುಷಾರು ತಪ್ಪಿದ್ರೆ ಎರಡೂ ಕಡೆ ರಸ್ತೆ ದೂರ.

ಕಾಲ. ಏಪ್ರಿಲ್ ಕೊನೆಯಿಂದ ಜೂನ್ ಮಧ್ಯದ ತನಕ ಒಂದು, ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಶುರುವಿನ ತನಕ ಇನ್ನೊಂದು. ಏಪ್ರಿಲ್, ಮೇನಲ್ಲಿ ಹಕ್ಕಿ, ಹೂವು ಎಲ್ಲಾ ಚೆನ್ನ, ಆದ್ರೆ ಮೇಲಿನ ಕ್ಯಾಂಪ್‌ಗಳಲ್ಲಿ ಹಿಮ ಉಳಿದಿರತ್ತೆ ಮತ್ತೆ ಹಿಮ ಕರಗಿ ಹೊಳೆ ತುಂಬಿರತ್ತೆ. ಅಕ್ಟೋಬರ್‌ನಲ್ಲಿ ಆಕಾಶ ಶುಭ್ರ, ನೀರು ಕಮ್ಮಿ, ಸೇತುವೆಗಳ ಪರಿಸ್ಥಿತಿ ಊರಿನವರಿಗೆ ಗೊತ್ತಾಗಿರತ್ತೆ, ಚಳಿ ಮಾತ್ರ ಜೋರು. ನದಿ ದಾರಿ ಅಂದ್ರೆ ಅಕ್ಟೋಬರೇ ಸರಿ. ಜುಲೈ, ಆಗಸ್ಟ್ ಬೇಡವೇ ಬೇಡ. 2023ರ ಜುಲೈನಲ್ಲಿ ಬಂದ ಪ್ರವಾಹದಲ್ಲಿ ಪಕ್ಕದ ಸೈಂಜ್ ಪೇಟೇಲಿ ಮನೆ ಅಂಗಡಿಗಳೇ ಕೊಚ್ಕೊಂಡು ಹೋದ್ವು, ಅಂಥ ನೀರಿನ ಮುಂದೆ ಟೆಂಟು ಯಾವ ಲೆಕ್ಕ.

ಹೊಳೆ ಬಗ್ಗೆ ಸ್ವಲ್ಪ ಉದ್ದ ಹೇಳ್ತೀನಿ, ಇದು ಎಲ್ಲಕ್ಕಿಂತ ಮುಖ್ಯ. ಹಿಮ ಕರಗಿ ಬರೋ ಹೊಳೆ ದಿನವಿಡೀ ಒಂದೇ ಥರ ಇರಲ್ಲ, ರಾತ್ರಿ ಚಳಿಗೆ ಕರಗೋದು ಕಮ್ಮಿಯಾಗಿ ಬೆಳಿಗ್ಗೆ ನೀರು ತಗ್ಗಿರತ್ತೆ, ಬಿಸಿಲು ಏರ್ತಾ ಮಧ್ಯಾಹ್ನದ ಮೇಲೆ ಸಂಜೆ ಹೊತ್ತಿಗೆ ಏರತ್ತೆ. ಹಾಗಾಗಿ ದಾಟೋದಿದ್ರೆ ಆ ದಾಟೋ ಜಾಗಕ್ಕೆ ಬೆಳಿಗ್ಗೆ ಬೇಗ ತಲುಪೋ ಹಾಗೆ ಹಿಂದಿನ ರಾತ್ರಿ ಕ್ಯಾಂಪ್ ಎಲ್ಲಿ ಅಂತ ಪ್ಲಾನ್ ಮಾಡಿ, ಇದು ಮನೇಲೇ ಪೇಪರ್ ಮೇಲೆ ಮಾಡೋ ಕೆಲಸ, ಅಲ್ಲಿ ಹೋಗಿ ಮಾಡೋದಲ್ಲ. ನಿಮ್ಮ ತಲೆ ಮೇಲೆ ಬಿಸಿಲಿದ್ರೂ ಮೇಲಿನ ನಾಲಾದಲ್ಲಿ, ಅಂದ್ರೆ ಬೆಟ್ಟದ ತೊರೆ ಕಡೆ, ಮಳೆ ಹೊಡೀತಿರಬಹುದು. ತಿಳಿಯಾಗಿದ್ದ ನೀರು ಇದ್ದಕ್ಕಿದ್ದ ಹಾಗೆ ಕೆಂಪಾದ್ರೆ, ಕಡ್ಡಿ ಎಲೆ ತೇಲಿ ಬರೋಕೆ ಶುರುವಾದ್ರೆ, ಸದ್ದು ಬದಲಾದ್ರೆ, ಬ್ಯಾಗ್ ಎತ್ಕೊಂಡು ದಂಡೆ ಬಿಟ್ಟು ಮೇಲಕ್ಕೆ ಹತ್ತಿ, ಫೋಟೋ ತೆಗೀತಾ ನಿಲ್ಬೇಡಿ. ಟೆಂಟ್ ಯಾವತ್ತೂ ಮರಳಿರೋ ಸಮತಟ್ಟು ಜಾಗದಲ್ಲಿ ಹಾಕ್ಬೇಡಿ, ಆ ಮರಳು ಅಲ್ಲಿಗೆ ಬಂದಿದ್ದೇ ನೀರಿನ ಜೊತೆ. ದಾಟಲೇಬೇಕಾದಾಗ ಹೊಳೆ ಕಿರಿದಾಗಿರೋ ಕಡೆ ಆಸೆ ಪಡ್ಬೇಡಿ, ಅಲ್ಲಿ ಆಳ ಮತ್ತು ಸೆಳೆತ ಎರಡೂ ಜಾಸ್ತಿ, ಅಗಲವಾಗಿ ಹರಡ್ಕೊಂಡಿರೋ ಕಡೆ ಹುಡುಕಿ. ಬ್ಯಾಗಿನ ಸೊಂಟದ ಬೆಲ್ಟು, ಎದೆ ಪಟ್ಟಿ ಬಿಚ್ಚಿಕೊಳ್ಳಿ, ಬಿದ್ರೆ ಬ್ಯಾಗ್ ಕಳಚಿ ಹೋಗ್ಬೇಕು, ನಿಮ್ಮನ್ನ ಎಳ್ಕೊಂಡು ಹೋಗಬಾರ್ದು. ಬರಿಗಾಲಲ್ಲಿ ಇಳೀಬೇಡಿ, ಹಿಡಿತ ಇರೋ ಸ್ಯಾಂಡಲ್ ಹಾಕ್ಕೊಳ್ಳಿ, ಕೋಲನ್ನ ನೀರು ಬರೋ ಕಡೆಗೆ ಊರಿ ಒಂದೊಂದೇ ಹೆಜ್ಜೆ. ನೀರು ತೊಡೆ ತನಕ ಬಂದು ಸೆಳೀತಿದೆ ಅಂದ್ರೆ ವಾಪಸ್ ಬಂದು ಮಾರನೇ ಬೆಳಿಗ್ಗೆ ತನಕ ಕಾಯಿರಿ.

ಇನ್ನೊಂದು, ಕಾಡಿನ ಹೊರಗೂ ಹುಷಾರು. ತೀರ್ಥನ್, ಸೈಂಜ್ ಎರಡರ ನೀರೂ ಬಿಯಾಸ್ ಸೇರೋದು ಲಾರ್ಜಿ ಹತ್ರ, ಅಲ್ಲಿ ಅಣೆಕಟ್ಟು ಇದೆ. 2014ರ ಜೂನ್‌ನಲ್ಲಿ ಅದರ ಕೆಳಗಡೆ ಫೋಟೋ ತೆಗೆಯೋಕೆ ಅಂತ ನದಿ ಬಂಡೆಗಳ ಮೇಲೆ ಇಳಿದಿದ್ದ ಹೈದರಾಬಾದಿನ 24 ಇಂಜಿನಿಯರಿಂಗ್ ವಿದ್ಯಾರ್ಥಿಗಳು ಅಣೆಕಟ್ಟಿನಿಂದ ಬಿಟ್ಟ ನೀರಲ್ಲಿ ಕೊಚ್ಚಿಹೋದ್ರು. ಟ್ರೆಕ್‌ಗೆ ಹೋಗೋ ಬರೋ ದಾರೀಲಿ ನಿಮ್ಮ ಬಸ್ಸೋ ಟ್ಯಾಕ್ಸಿಯೋ ಇದೇ ಕಡೆ ನಿಲ್ಲತ್ತೆ, ಹುಡುಗ್ರು ಕೈಕಾಲು ತೊಳ್ಯೋಕೆ ಅಂತ ಇಳೀತಾರೆ. ಗ್ರೂಪ್ ಕರ್ಕೊಂಡು ಹೋಗೋರು ಇದನ್ನ ಬಸ್ಸಲ್ಲೇ ಎಲ್ಲರಿಗೂ ಹೇಳಿ, ಅಣೆಕಟ್ಟಿನ ಕೆಳಗೆ ಯಾರೂ ನದಿಗೆ ಇಳಿಯೋ ಹಾಗಿಲ್ಲ ಅಂತ.

ಗೈಡು, ಪೋರ್ಟರು. ಗೈಡ್ ಇಲ್ದೆ ಇಲ್ಲಿ ಬಹುದಿನದ ಟ್ರೆಕ್ ಮಾಡೋದು ನನ್ನ ಮಟ್ಟಿಗೆ ಪ್ರಶ್ನೆನೇ ಅಲ್ಲ, ದಾರಿಗೆ ಬಾಣದ ಗುರುತು, ಬೋರ್ಡು ಇರಲ್ಲ, ಶಿಲ್ಟ್ ಮೇಲೆ ಮಂಜು ಮುಸುಕಿದ್ರೆ ಕಾಲುದಾರಿನೇ ಕಾಣಲ್ಲ. ಗುಶೈಣಿ ಸುತ್ತಮುತ್ತ ಪಾರ್ಕಿನವರೇ ತರಬೇತಿ ಕೊಟ್ಟಿರೋ ಗೈಡ್‌ಗಳಿದಾರೆ, ಸಾಯಿ ರೋಪಾ ಆಫೀಸಲ್ಲೇ ವಿಚಾರಿಸಿದ್ರೆ ಹೇಳ್ತಾರೆ. ಮಾತಾಡುವಾಗ ದಿನಗೂಲಿ ಎಷ್ಟು, ನಡೆಯದೇ ಕೂತ ದಿನಕ್ಕೂ ಕೊಡ್ತೀರಾ, ಊಟ ಯಾರದ್ದು, ಅವರ ಟೆಂಟು ಸ್ಲೀಪಿಂಗ್ ಬ್ಯಾಗು ಯಾರು ತರ್ತಾರೆ, ಸೈಂಜ್ ಕಡೆ ಇಳಿದ್ರೆ ಅವರು ವಾಪಸ್ ಮನೆಗೆ ಹೋಗೋ ಖರ್ಚು ಯಾರದ್ದು, ಇದೆಲ್ಲಾ ಮೊದಲೇ ಬಾಯಿಬಿಟ್ಟು ಮಾತಾಡಿ ಬರ್ಕೊಳ್ಳಿ. ಮಳೆಗೆ ಕೂತ ದಿನಕ್ಕೆ ದುಡ್ಡು ಕೊಡಲ್ಲ ಅಂದ್ರೆ ಗೈಡ್‌ಗೂ ಹೊರಡೋಣ ಅನ್ನೋ ಒತ್ತಡ ಬರತ್ತೆ, ಹಾಗಾಗಿ ಕೊಡಿ. ಒಬ್ಬ ಪೋರ್ಟರ್ ಮೇಲೆ 20 ಕೆಜಿಗಿಂತ ಜಾಸ್ತಿ ಹೊರಿಸೋದು ಬೇಡ, ಲಗೇಜ್ ಜಾಸ್ತಿ ಅಂದ್ರೆ ಇನ್ನೊಬ್ಬರನ್ನ ಕರ್ಕೊಳ್ಳಿ. ಮತ್ತೆ ಅವರ ಬೂಟು, ಜಾಕೆಟ್ ಹೊರಡೋ ಮುಂಚೆ ಒಂದ್ಸಲ ನೋಡಿ, ನಾವು ಥರ್ಮಲ್ ಮೇಲೆ ಥರ್ಮಲ್ ಹಾಕ್ಕೊಂಡು ನಮ್ಮ ಗ್ಯಾಸ್ ಸಿಲಿಂಡರ್ ಹೊರೋರು ಹರಿದ ಕ್ಯಾನ್ವಾಸ್ ಶೂನಲ್ಲಿ ಹಿಮ ದಾಟೋದು ಸರಿ ಅಲ್ಲ. ದುಡ್ಡು ಅಣ್ಣ ತಮ್ಮ ಅಂತ ಮಾತಾಡಿ ಕಮ್ಮಿ ಮಾಡಿಸ್ಬೇಡಿ.

ಎತ್ತರದ ತೊಂದರೆ ಬಗ್ಗೆ, ಶಿಲ್ಟ್ 3100 ಅಷ್ಟೇ ಅಲ್ವಾ ಅಂತ ಉಡಾಫೆ ಬೇಡ. 3000 ದಾಟಿದ್ಮೇಲೆ ಮಲಗೋ ಜಾಗ ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಬಾರ್ದು, ಮೂರ್ನಾಲ್ಕು ದಿನಕ್ಕೊಂದು ದಿನ ಅದೇ ಎತ್ತರದಲ್ಲಿ ನಿಲ್ಬೇಕು ಅನ್ನೋದು ಸಾಮಾನ್ಯ ನಿಯಮ. ಗುಶೈಣೀಲಿ ಒಂದು ರಾತ್ರಿ, ರೋಲಾದಲ್ಲಿ ಸಾಧ್ಯ ಆದ್ರೆ ಎರಡು ರಾತ್ರಿ ಕಳೆದು ಶಿಲ್ಟ್‌ಗೆ ಹೋದ್ರೆ ದೇಹಕ್ಕೆ ಹಗುರ. ತಲೆನೋವು, ವಾಕರಿಕೆ, ಊಟ ಬೇಡ ಅನ್ಸೋದು, ನಿದ್ದೆ ಬರದೇ ಇರೋದು ಬಂದ್ರೆ ಮುಂದೆ ಹತ್ತೋದು ನಿಲ್ಸಿ, ಅಲ್ಲೇ ಇದ್ದೂ ಕಮ್ಮಿ ಆಗ್ಲಿಲ್ಲ ಅಂದ್ರೆ ಇಳೀರಿ. ನಡೆಯುವಾಗ ತೂರಾಡೋದು, ಮಾತು ತೊದಲೋದು, ಕೂತಿದ್ರೂ ಉಸಿರು ಸಿಗದೇ ಇರೋದು ಕಂಡ್ರೆ ರಾತ್ರಿ ಆದ್ರೂ ಸರಿ ಆಗಲೇ ಇಳಿಸ್ಬೇಕು. ಎತ್ತರದ ತೊಂದರೆ ತಡೆಯೋಕೆ ಕೊಡೋ ಡಯಾಮಾಕ್ಸ್ ಮಾತ್ರೆ ತಗೋಬೇಕಾ ಅನ್ನೋದನ್ನ ನಿಮ್ಮ ಡಾಕ್ಟರ್ ಹತ್ರ ಕೇಳಿ, ಸಲ್ಫಾ ಅಲರ್ಜಿ ಇದ್ರೆ ಮೊದಲೇ ಹೇಳಿ. ಆ ಮಾತ್ರೆ ಇದೆ ಅಂತ ವೇಗವಾಗಿ ಹತ್ತೋಕೆ ಹೋಗ್ಬೇಡಿ.

ಸಾಮಾನಿನ ಪಟ್ಟಿ ಎಲ್ಲಾ ಕಡೆ ಸಿಗತ್ತೆ, ನಾನು ಉದ್ದ ಬರೆಯಲ್ಲ. ಸಾವಿರ ಮೀಟರ್ ಏರಿದ್ರೆ ಸುಮಾರು ಆರೂವರೆ ಡಿಗ್ರಿ ತಂಪಾಗತ್ತೆ ಅನ್ನೋದು ನೆನಪಿಟ್ಕೊಂಡು ಬಟ್ಟೆ ಆರಿಸಿ, ಕಾಟನ್ ಬೇಡ, ಒದ್ದೆ ಆದ್ರೆ ಒಣಗಲ್ಲ. ಹೊಸ ಶೂ ಹಾಕ್ಕೊಂಡು ನೇರ ಟ್ರೆಕ್‌ಗೆ ಬರಬೇಡಿ. ಮಲಗೋ ಬಟ್ಟೆ ಒಂದು ಜೊತೆ ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಇಡಿ, ಏನಾದ್ರೂ ಆಗ್ಲಿ ಅದು ಒಣಗಿರ್ಬೇಕು. ಪೂರ್ತಿ ತೋಳಿನ ಅಂಗಿ, ಪೂರ್ತಿ ಪ್ಯಾಂಟು, ಯಾಕಂದ್ರೆ ದಾರಿ ಪಕ್ಕ ಬಿಚ್ಚು ಬೂಟಿ ಅಂತ ತುರಿಕೆ ಗಿಡ ಸೊಂಟದ ಎತ್ತರ ಬೆಳೆದಿರತ್ತೆ, ತಾಗಿದ್ರೆ ಗಂಟೆಗಟ್ಟಲೆ ಉರಿ.

ಅಡುಗೆಗೆ ಕುಕ್ಕರ್ ಮರೀಬೇಡಿ. ಶಿಲ್ಟ್ ಎತ್ತರದಲ್ಲಿ ನೀರು 90 ಡಿಗ್ರಿ ಹತ್ರವೇ ಕುದಿಯೋಕೆ ಶುರುವಾಗತ್ತೆ, ತೆರೆದ ಪಾತ್ರೇಲಿ ಬೇಳೆ ಎಷ್ಟೊತ್ತು ಕುದಿಸಿದ್ರೂ ಬೇಯಲ್ಲ, ಗ್ಯಾಸ್ ಮಾತ್ರ ಖಾಲಿ ಆಗತ್ತೆ. ಒಬ್ಬರಿಗೆ ದಿನಕ್ಕೆ 700 ಗ್ರಾಂ ಅಂದಾಜಿನಲ್ಲಿ ಒಣ ಸಾಮಾನು ಲೆಕ್ಕ ಹಾಕಿ, ಅದ್ರಲ್ಲಿ ಎರಡು ಹೊತ್ತಿಗೆ ಬೆಂಕಿನೇ ಬೇಡದ ಊಟ ಇರಲಿ, ಮಳೇಲಿ ಉಪಯೋಗಕ್ಕೆ ಬರತ್ತೆ, ಮತ್ತೆ ಆ ಹೆಚ್ಚುವರಿ ದಿನಕ್ಕೂ ಸೇರಿಸಿ, ಜೊತೆಗೆ ಬರೋ ಊರಿನವರನ್ನೂ ತಲೆ ಎಣಿಸಿ. ಸೌದೆ ಬೆಂಕಿ ಮಾಡ್ಬೇಡಿ. ಮೇಲಿನ ಕಾಡಲ್ಲಿ ಖರ್ಸು ಓಕ್, ಭೋಜಪತ್ರದ ಮರ ಬೆಳೆಯೋಕೆ ದಶಕಗಟ್ಟಲೆ ಬೇಕು, ಒಂದು ರಾತ್ರಿಯ ಕ್ಯಾಂಪ್‌ಫೈರ್‌ಗೆ ಅದನ್ನ ಸುಡೋದು ನನಗಂತೂ ಸಹಿಸೋಕಾಗಲ್ಲ. ಕುಡಿಯೋ ನೀರು ಕುದಿಸಿ ಅಥವಾ ಫಿಲ್ಟರ್ ಮಾಡಿ.

ಈ ಕಾಡಲ್ಲಿ ಜುಜುರಾನಾ ಇದೆ, ವೆಸ್ಟರ್ನ್ ಟ್ರಾಗೋಪನ್ ಅಂತಾರಲ್ಲ, ಹಿಮಾಚಲದ ರಾಜ್ಯ ಪಕ್ಷಿ, ಪ್ರಪಂಚದಲ್ಲೇ ತುಂಬಾ ಕಮ್ಮಿ ಉಳಿದಿರೋ ಹಕ್ಕಿ, ನೆಲದ ಹತ್ರದ ದಟ್ಟ ಪೊದೆಗಳಲ್ಲಿ ಅಡಗಿ ಬದುಕೋ ಹಕ್ಕಿ. ಮೇ, ಜೂನ್ ಅದು ಮರಿ ಮಾಡೋ ಸಮಯ, ಅದೇ ನಾವು ಟ್ರೆಕ್ ಹೋಗೋ ಸಮಯ ಕೂಡ. ಅದಕ್ಕೇ ದಾರಿ ಬಿಟ್ಟು ಪೊದೆ ಒಳಗೆ ನುಗ್ಬೇಡಿ, ಮೊಬೈಲಲ್ಲಿ ಹಕ್ಕಿ ಕೂಗು ಹಾಕಿ ಕರೆಯೋದು ಬೇಡ, ಸ್ಪೀಕರ್ ತರಲೇಬೇಡಿ. ಬೆಳಗಿನ ಜಾವ ಬಾಯಿ ಮುಚ್ಕೊಂಡು ನಡೆದ್ರೆ ಮೊನಾಲ್ ಹಕ್ಕಿ ಕಾಣೋ ಅವಕಾಶ ಜಾಸ್ತಿ, ಬಂಡೆ ಇಳಿಜಾರಲ್ಲಿ ಥಾರ್ ಅನ್ನೋ ಕಾಡುಮೇಕೆ ಕಾಣಬಹುದು. ಕರಡಿ ಇದೆ, ಊಟದ ಸಾಮಾನು ನೀವು ಮಲಗೋ ಟೆಂಟಲ್ಲಿ ಇಡ್ಬೇಡಿ. ಶೌಚಕ್ಕೆ ನೀರಿಂದ ಕನಿಷ್ಠ 60 ಮೀಟರ್ ದೂರ, ಒಂದು ಗೇಣು ಆಳ ಗುಂಡಿ, ಮುಚ್ಚಿ ಬನ್ನಿ, ಟಿಶ್ಯೂ, ಪ್ಯಾಡು ಎಲ್ಲಾ ಕವರಲ್ಲಿ ಕಟ್ಟಿ ವಾಪಸ್ ತನ್ನಿ. ಹೊಳೇಲಿ ಸೋಪು, ಶಾಂಪು ಹಾಕ್ಬೇಡಿ, ಕೆಳಗಿನ ಊರವರು ಕುಡಿಯೋ ನೀರದು. ಟ್ರೌಟ್ ಮೀನಿಗೆ ಗಾಳ ಹಾಕೋ ಆಸೆ ಇದ್ರೆ ಪಾರ್ಕ್ ಹೊರಗೆ, ಮೀನುಗಾರಿಕೆ ಇಲಾಖೆ ಲೈಸೆನ್ಸ್ ತಗೊಂಡು. ಹಳ್ಳಿ ದೇವಸ್ಥಾನಗಳಲ್ಲಿ ಎಷ್ಟೋ ಕಡೆ ಹೊರಗಿನವರು ಗೋಡೆ ಮುಟ್ಟೋ ಹಾಗಿಲ್ಲ, ಚರ್ಮದ ಬೆಲ್ಟು ಹಾಕ್ಕೊಂಡು ಅಂಗಳಕ್ಕೂ ಹೋಗೋ ಹಾಗಿಲ್ಲ, ಮೊದಲು ಗೈಡ್‌ನ ಕೇಳಿ.

ಫೋನ್ ಸಿಗ್ನಲ್ ಗುಶೈಣಿ ಬಿಟ್ಟ ಸ್ವಲ್ಪ ಹೊತ್ತಿಗೇ ಹೋಗತ್ತೆ, ಮನೆಯವರಿಗೆ ಇಷ್ಟು ದಿನ ಫೋನ್ ಬರಲ್ಲ, ಈ ತಾರೀಕು ರಾತ್ರಿ ತನಕ ಕಾದು ಆಮೇಲೆ ರೇಂಜ್ ಆಫೀಸ್‌ಗೆ ಫೋನ್ ಮಾಡಿ ಅಂತ ಬರೆದು ಕೊಟ್ಟು ಹೋಗಿ. ಎಮರ್ಜೆನ್ಸಿ ನಂಬರ್ 112. ಹತ್ತಿರದ ಸರ್ಕಾರಿ ಆಸ್ಪತ್ರೆ ಬಂಜಾರ್‌ನಲ್ಲಿ, ದೊಡ್ಡದು ಬೇಕಂದ್ರೆ ಕುಲ್ಲು. ಒಳಗೆ ಯಾರಾದ್ರೂ ಕಾಲು ಮುರ್ಕೊಂಡ್ರೆ ಹೊತ್ಕೊಂಡೇ ಬರ್ಬೇಕು, ಅದಕ್ಕೆ ಇಬ್ಬರ ಗ್ರೂಪ್‌ಗಿಂತ ನಾಲ್ಕೈದು ಜನರದ್ದು ವಾಸಿ, ಹಾಗಂತ ಹತ್ತಕ್ಕಿಂತ ಮೇಲೆ ಬೇಡ, ಕ್ಯಾಂಪ್ ಜಾಗಗಳು ತಡೆಯಲ್ಲ. ಇನ್ಶೂರೆನ್ಸ್ ತಗೊಳ್ಳುವಾಗ ಎಷ್ಟು ಮೀಟರ್ ಎತ್ತರದ ತನಕ ಕವರ್ ಆಗತ್ತೆ ಅಂತ ಓದಿ ನೋಡಿ. ಗೈಡ್ ಪೋರ್ಟರ್‌ಗಳಿಗೆ ಕೊಡೋ ಕ್ಯಾಶ್ ಬಂಜಾರ್‌ನಲ್ಲೇ ಎಟಿಎಂನಿಂದ ತೆಗೆದು ಇಟ್ಕೊಳ್ಳಿ.

ಅಲ್ಲಿಗೆ ಹೋಗೋದು ಕಷ್ಟ ಇಲ್ಲ. ದಿಲ್ಲಿ ಅಥವಾ ಚಂಡೀಗಢದಿಂದ ಮನಾಲಿಗೆ ಹೋಗೋ ರಾತ್ರಿ ಬಸ್ ಹತ್ತಿ ಔಟ್ ಅನ್ನೋ ಊರಿನ ಸುರಂಗ ಶುರುವಾಗೋ ಮುಂಚೆ ಇಳೀಬೇಕು, ಕಂಡಕ್ಟರ್‌ಗೆ ಮೊದಲೇ ಹೇಳಿಟ್ಟಿರಿ, ಇಲ್ಲಾಂದ್ರೆ ನಿದ್ದೇಲಿ ಸುರಂಗ ದಾಟಿ ಹೋಗಿರ್ತೀರ. ಅಲ್ಲಿಂದ ಲಾರ್ಜಿ, ಬಂಜಾರ್ ಮೇಲೆ ಗುಶೈಣಿಗೆ ಲೋಕಲ್ ಬಸ್ಸು, ಟ್ಯಾಕ್ಸಿ ಸಿಗತ್ತೆ. ಶಿಮ್ಲಾ ಕಡೆಯಿಂದ ಜಲೋರಿ ಪಾಸ್ ದಾಟಿಯೂ ಬರಬಹುದು, 3100 ಮೀಟರ್ ಮೇಲಿನ ಪಾಸ್ ಅದು, ಚಳಿಗಾಲದಲ್ಲಿ ಹಿಮ ಬಿದ್ದು ಮುಚ್ಚತ್ತೆ.

ಟ್ರೆಕ್ ಮುಗಿಸಿ ಹೊರಗೆ ಬಂದ ತಕ್ಷಣ ರೇಂಜ್ ಆಫೀಸ್‌ಗೆ ಬಂದ್ವಿ ಅಂತ ತಿಳಿಸಿ, ಸೈಂಜ್ ಕಡೆ ಇಳಿದಿದ್ರಂತೂ ಮರೀದೇ ತಿಳಿಸಿ, ಇಲ್ದಿದ್ರೆ ನಿಮ್ಮನ್ನ ಹುಡುಕೋಕೆ ಜನ ಕಳಿಸ್ತಾರೆ. ದಾರೀಲಿ ಕೊಚ್ಚಿಹೋದ ಸೇತುವೆ, ಕುಸಿದ ಜಾಗ ನೋಡಿದ್ರೆ ಅದನ್ನೂ ಹೇಳಿ, ಮುಂದಿನ ಗುಂಪಿಗೆ ಉಪಯೋಗ. ವಾಪಸ್ ಫ್ಲೈಟ್ ಅಥವಾ ರೈಲು ಬುಕ್ ಮಾಡುವಾಗ ಟ್ರೆಕ್ ಮುಗಿಯೋ ದಿನಕ್ಕೂ ಅದಕ್ಕೂ ಮಧ್ಯೆ ಒಂದು ಪೂರ್ತಿ ದಿನ ಖಾಲಿ ಬಿಡಿ, ಮಂಡಿಯಿಂದ ಔಟ್ ನಡುವೆ ಗುಡ್ಡ ಕುಸಿದು ಹೈವೇ ಗಂಟೆಗಟ್ಟಲೆ ನಿಲ್ಲೋದು ಆಗಾಗ ಆಗ್ತಾನೇ ಇರತ್ತೆ.